ಹಿಪ್ಪಲಿಯೂ ಪೈಪರೀನೂ

ದಾಂಡೇಲಿಯ ಸಮೀಪದ ಅಂಬಿಕಾನಗರವು ಕಾಳಿ ನದಿಯ ಜಲವಿದ್ಯುತ್ ಯೋಜನೆಗಾಗಿ ಹುಟ್ಟಿದ ಊರು. ನಾಗಝರಿಯಲ್ಲಿ ವಿದ್ಯುತ್ತು, ಸುತ್ತಲ ಜೋಯಿಡಾ ಸೀಮೆಯ ಅಡಕೆ ತೋಟಗಳಲ್ಲಿ ಮೆಣಸಿನ ಬಳ್ಳಿ. ಈ ಎರಡನ್ನೂ ಮುಟ್ಟುವ ಒಂದು ಹೆಸರಿನ ಚರಿತ್ರೆಯನ್ನು ಇಂದು ಹೇಳಬೇಕೆಂದಿದ್ದೇನೆ.

ರಸಾಯನಶಾಸ್ತ್ರದ ಹೆಸರುಗಳಿಗೆ ನಮ್ಮ ವಿದ್ಯಾರ್ಥಿಗಳು ಬೆದರುವುದನ್ನು ಅಧ್ಯಾಪಕನಾಗಿದ್ದಷ್ಟು ಕಾಲವೂ ಕಂಡಿದ್ದೇನೆ. ಅವೆಲ್ಲ ಪರಕೀಯ, ಅನುವಾದಿಸಿಯೇ ತೀರಬೇಕು ಎಂಬ ವಾದವನ್ನೂ ಕೇಳಿದ್ದೇನೆ.

ಮೆಣಸಿನ ಖಾರಕ್ಕೆ ಮುಖ್ಯ ಕಾರಣವಾದ ಸಂಯುಕ್ತಕ್ಕೆ ಪೈಪರೀನ್ ಎಂದು ಹೆಸರು. ಕಿವಿಗೆ ಪರದೇಶದ ಮಾತು. ಮೂಲ ಮಾತ್ರ ಸಂಸ್ಕೃತದ ‘ಪಿಪ್ಪಲೀ’. ಆ ಶಬ್ದದ ಒಂದು ಕವಲು ಕನ್ನಡಕ್ಕೆ ಬಂದಿತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಿಪ್ಪಲಿಯು ಹಿಪ್ಪಲಿಯಾಯಿತು. ಇನ್ನೊಂದು ಕವಲು ವರ್ತಕರೊಡನೆ ಪಡುವಣಕ್ಕೆ ಸಾಗಿತು. ಲಕಾರವು ರಕಾರವಾಗಿ ಗ್ರೀಕರಲ್ಲಿ ‘ಪೆಪೆರಿ’, ರೋಮನರಲ್ಲಿ ‘ಪಿಪೆರ್’ ಎನಿಸಿತು. ಹಿಪ್ಪಲಿಯ ಹೆಸರೇ ಅಲ್ಲಿ ಕರಿಮೆಣಸಿಗೂ ಸಂದಿತು. ಕ್ರಿ.ಶ. 1ನೆಯ ಶತಮಾನದ ಪ್ಲಿನಿಯು ಬೆಲೆಯನ್ನೂ ಬರೆದಿಟ್ಟಿದ್ದಾನೆ: ಪೌಂಡಿಗೆ ಹಿಪ್ಪಲಿ 15 ದಿನಾರಿ, ಕರಿಮೆಣಸು 4.

1819ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ ಮೆಣಸಿನಿಂದ ಈ ವಸ್ತುವನ್ನು ಬೇರ್ಪಡಿಸಿದನು. ಮಾರ್ಫೀನ್, ಕ್ವಿನೀನ್‌ಗಳಲ್ಲಿರುವ ‘ಈನ್’ ಪ್ರತ್ಯಯವು ‘ಪಿಪೆರ್’ ಶಬ್ದಕ್ಕೆ ಸೇರಿ ಪೈಪರೀನ್ ಆಯಿತು. ಇದೇ ಓರ್‌ಸ್ಟೆಡ್ ಮರುವರ್ಷ, 1820ರಲ್ಲಿ, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಲೋಕಕ್ಕೆ ತಿಳಿಸಿದನು. ಆ ಹಾದಿಯಲ್ಲಿ ಮುಂದುವರಿದ ಫ್ಯಾರಡೆ 1831ರಲ್ಲಿ ಅಯಸ್ಕಾಂತದಿಂದ ವಿದ್ಯುತ್ತನ್ನು ಪಡೆದನು. ನಾಗಝರಿಯ ಯಂತ್ರಗಳು ವಿದ್ಯುತ್ತನ್ನು ಹುಟ್ಟಿಸುವುದು ಆ ತತ್ತ್ವದಿಂದಲೇ.

ಇನ್ನು ಅನುವಾದದ ಮಾತು. ಆಮ್ಲಗಳೆಲ್ಲಕ್ಕೂ ಆಕ್ಸಿಜನ್ನೇ ಕಾರಣವೆಂದು ಭಾವಿಸಿದ ಲವಾಸಿಯೆ ಅದಕ್ಕೆ ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಹೆಸರಿಟ್ಟನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದು 1810ರಲ್ಲಿ ಡೇವಿ ತೋರಿಸಿಕೊಟ್ಟನು. ನಾವು ಮಾಡಿಕೊಂಡ ‘ಆಮ್ಲಜನಕ’ದಲ್ಲಿ ಆ ತಪ್ಪೂ ಕನ್ನಡವಾಗಿ ಉಳಿದಿದೆ. ಬಳಕೆಯಲ್ಲಿ ಬೇರೂರಿದ ಆ ಪದವನ್ನು ಕೀಳಬೇಕೆಂದು ನಾನು ಹೇಳಲಾರೆ. ಆದರೆ ಪೈಪರೀನನ್ನು ‘ಖಾರಜನಕ’ವೆಂದು ಅನುವಾದಿಸಿದರೆ, ಎರಡು ಸಾವಿರ ವರ್ಷಗಳಿಗೂ ಮೀರಿದ ದಾರಿ ಸವೆಸಿ ಹಿಂದಿರುಗಿದ ನಮ್ಮದೇ ಶಬ್ದವನ್ನು ಹೊಸ್ತಿಲಲ್ಲಿಯೇ ತಡೆದಂತಾಗುತ್ತದೆ. ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಪೈಪರೀನ್ ಎಂದು ಬರೆದು, ಪಕ್ಕದಲ್ಲಿ ಹಿಪ್ಪಲಿ ಎಂದು ಬರೆದರೆ ಸಾಕು. ಮಕ್ಕಳ ಬೆದರಿಕೆ ಅರ್ಧ ಇಳಿಯುತ್ತದೆ.