ಸ್ಪ್ರಿಂಗ್‌ಫೀಲ್ಡ್‌ನಿಂದ ಸೇಂಟ್ ಲೂಯಿಸ್‌ಗೆ

1920ರ ದಶಕದ ಆರಂಭದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಕೈಯಲ್ಲಿ ಕಾಸಿರಲಿಲ್ಲ. ಹೆಸರಾದ ಬೇಸ್‌ಬಾಲ್ ಆಟಗಾರರು ಸಿರಿವಂತ ತಂಡಗಳ ಪಾಲಾಗುತ್ತಿದ್ದರು. ತಂಡವನ್ನು ನಡೆಸುತ್ತಿದ್ದ ಬ್ರ್ಯಾಂಚ್ ರಿಕಿ ಬೇರೆ ದಾರಿ ಹಿಡಿದರು: ಸಣ್ಣ ಊರುಗಳ ಮೈನರ್ ಲೀಗ್ (ಕೆಳಹಂತದ ಲೀಗ್) ತಂಡಗಳನ್ನೇ ಕೊಂಡು ಹುಡುಗರನ್ನು ಅಲ್ಲೇ ಪಳಗಿಸುವುದು.

ಆ ಹುಡುಗರಲ್ಲಿ ಸ್ಟ್ಯಾನ್ ಮ್ಯೂಸಿಯಲ್ ಒಬ್ಬರು. 1940ರಲ್ಲಿ ಡೇಟೋನಾ ಬೀಚ್ ತಂಡಕ್ಕೆ ಚೆಂಡೆಸೆಯುತ್ತಿದ್ದವರು, ಕ್ಯಾಚಿಗೆ ಹಾರಿ ಎಡಭುಜಕ್ಕೆ ಪೆಟ್ಟು ಮಾಡಿಕೊಂಡರು. ಉಳಿದದ್ದು ಬ್ಯಾಟ್ ಮಾತ್ರ. ಮರುವರ್ಷ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 87 ಪಂದ್ಯ, 26 ಹೋಮ್ ರನ್. ಅಲ್ಲಿಂದ ರೋಚೆಸ್ಟರ್‌ಗೆ ಬಡ್ತಿ. ಸೆಪ್ಟೆಂಬರ್ 17ಕ್ಕೆ ಸೇಂಟ್ ಲೂಯಿಸ್! ಅಲ್ಲಿ ಆಡಿದ 12 ಪಂದ್ಯಗಳಲ್ಲಿ ಅವರ ಬ್ಯಾಟಿಂಗ್ ಸರಾಸರಿ .426. ಒಂದೇ ಋತುವಿನಲ್ಲಿ ಇಂಥ ಏರಿಕೆ ನಿಜಕ್ಕೂ ಅಪರೂಪ.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ; ಹಲವರು ಕೆಳಹಂತದಲ್ಲೇ ಸಿಕ್ಕಿಕೊಂಡಿದ್ದರು. 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್, ಕಾರ್ಡಿನಲ್ಸ್ ಹಿಡಿದಿಟ್ಟುಕೊಂಡಿದ್ದ 70ಕ್ಕೂ ಹೆಚ್ಚು ಮೈನರ್ ಲೀಗ್ ಆಟಗಾರರನ್ನು ಒಪ್ಪಂದದಿಂದ ಬಿಡಿಸಿದ್ದರು.