7074ರಲ್ಲಿ ಮೊದಲು ಬಂದವರು ಯಾರು? ಕಾಸರಗೋಡಿನ ತಾರಸಿಯಿಂದ ಕೇಳಿದ್ದು

ಗಡಿನಾಡಿನ ವಿಚಾರಸಂಕಿರಣದಲ್ಲಿ ಹ್ಯಾಮ್ ರೇಡಿಯೋ ಯಾಕೆ ಅಂತ ಕೆಲವರಿಗೆ ಅನಿಸಬಹುದು. ನನ್ನ ಪ್ರಶ್ನೆ ಹುಟ್ಟಿದ್ದೇ ಕಾಸರಗೋಡಿನ ನಮ್ಮ ಮನೆಯ ತಾರಸಿಯಲ್ಲಿ ಕಟ್ಟಿದ ತಂತಿಯಿಂದ.

ನಾನು ಹೆಚ್ಚಾಗಿ ಬಳಸುವುದು ಎಫ್‌ಟಿ8 ಎಂಬ ಡಿಜಿಟಲ್ ವಿಧಾನ. ಮಾತಿಲ್ಲ, ಕಂಪ್ಯೂಟರೇ 15 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸುತ್ತದೆ. ನಲವತ್ತು ಮೀಟರ್ ಬ್ಯಾಂಡಿನಲ್ಲಿ ಇದರ ಜಾಗ 7074 ಕಿಲೋಹರ್ಟ್ಸ್, ಅಲ್ಲಿಂದ ಮೇಲಕ್ಕೆ ಸುಮಾರು ಮೂರು ಕಿಲೋಹರ್ಟ್ಸ್. ಒಂದು ಸಂಕೇತಕ್ಕೆ ಬೇಕಾದ ಅಗಲ 50 ಹರ್ಟ್ಸ್ ಮಾತ್ರ. ಒಬ್ಬ ಮನುಷ್ಯನ ಮಾತಿಗೆ ಸುಮಾರು 2500 ಹರ್ಟ್ಸ್ ಬೇಕು. ಹಾಗಾಗಿ ಒಬ್ಬರು ಬಾಯಿ ತೆರೆದರೆ ಹತ್ತಾರು ನಿಲ್ದಾಣಗಳು ಒಟ್ಟಿಗೆ ಮುಳುಗುತ್ತವೆ.

ಒಂದು ಬೆಳಿಗ್ಗೆ ಹಾಗೇ ಆಯ್ತು. ಪರದೆ ತುಂಬ ಬಿಳಿ ಮಸುಕು, ಒಂದು ಸಂದೇಶವೂ ಬಿಡಿಸಿ ಬರಲಿಲ್ಲ. ಸೆಟ್ಟನ್ನು ಲೋವರ್ ಸೈಡ್‌ಬ್ಯಾಂಡಿಗೆ ತಿರುಗಿಸಿದೆ. 7077ರಲ್ಲಿ ಇಬ್ಬರು ಹಿರಿಯರು ಕನ್ನಡದಲ್ಲಿ ಮಾತಾಡ್ತಾ ಇದ್ದರು, ಮಳೆ ಬಿಡದೆ ಅಡಿಕೆ ಒಣಗದ ವಿಷಯ. (7074ರಲ್ಲೇ ಇದ್ದಿದ್ದರೆ ಅವರ ಮಾತು ಕೆಳಗೆ ಹೋಗಿ ತೊಂದರೆಯೇ ಆಗ್ತಿರಲಿಲ್ಲ. ತಮಾಷೆ ನೋಡಿ.) ನಡುವೆ ಬಾಯಿ ಹಾಕಿ, ಇದು ಡಿಜಿಟಲ್ ಫ್ರೀಕ್ವೆನ್ಸಿ, ದಯವಿಟ್ಟು ಬೇರೆ ಕಡೆ ಹೋಗಿ ಅಂದೆ. ಒಬ್ಬರು ಸಮಾಧಾನದಿಂದಲೇ ಹೇಳಿದರು: "ನಾನು ಇಲ್ಲಿ ಮಾತಾಡ್ಲಿಕ್ಕೆ ಶುರು ಮಾಡಿ ಮೂವತ್ತು ವರ್ಷ ಆಯ್ತು. ನೀವು ಬಂದದ್ದು ಯಾವಾಗ?"

ಉತ್ತರ ಇರಲಿಲ್ಲ. ಹುಡುಕಿದೆ. ಎಫ್‌ಟಿ8 ಬಂದದ್ದು 2017ರಲ್ಲಿ. ರೂಪಿಸಿದವರು ಅಮೆರಿಕದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ. ಟೇಲರ್ ಎಂದರೆ ಜೋಡಿ ಪಲ್ಸಾರ್‌ಗಾಗಿ 1993ರ ಭೌತಶಾಸ್ತ್ರ ನೊಬೆಲ್ ಪಡೆದವರೇ. ಅದಕ್ಕೂ ಮೊದಲಿನ ಜೆಟಿ65 ಪಕ್ಕದಲ್ಲೇ, 7076ರಲ್ಲಿತ್ತು. ಅಮೆರಿಕದಲ್ಲಿ ಹವ್ಯಾಸಿಗಳಿಗೆ 7000ದಿಂದ 7300ರವರೆಗೆ ಜಾಗ. ಮುಖ್ಯ ಭೂಭಾಗದಲ್ಲಿ ಮಾತು ಶುರುವಾಗುವುದು 7125ರ ಮೇಲೆ, 2006ಕ್ಕೆ ಮೊದಲು 7150ರ ಮೇಲೆ. ಅಲ್ಲಿಂದ ನೋಡಿದರೆ 7074 ಖಾಲಿ ನೆಲ.

ನಮ್ಮ ಕಡೆ ಖಾಲಿ ಇರಲಿಲ್ಲ. ಯುರೋಪು, ಆಫ್ರಿಕಾ, ಏಷ್ಯಾಗಳಲ್ಲಿ 7100ರ ಮೇಲೆ ಪ್ರಸಾರ ಕೇಂದ್ರಗಳು ಕೂತಿದ್ದವು. 7200ರ ತನಕ ಅವು ಜಾಗ ಬಿಡಬೇಕೆಂದು 2003ರ ವಿಶ್ವ ರೇಡಿಯೋ ಸಮ್ಮೇಳನ ತೀರ್ಮಾನಿಸಿತು, ಬಿಡಬೇಕಾದ ದಿನ 2009ರ ಮಾರ್ಚ್ 29. ಅಲ್ಲಿಯವರೆಗೆ ನಮ್ಮವರಿಗೆ ಇದ್ದದ್ದು ಬರೇ ನೂರು ಕಿಲೋಹರ್ಟ್ಸ್. ಅದರಲ್ಲಿ ಕೆಳಗೆ ಮೋರ್ಸ್, ಮೇಲೆ ಮಾತು. ಹಿರಿಯರು 7077ಕ್ಕೆ ನುಗ್ಗಿದವರಲ್ಲ, ಅಲ್ಲೇ ಬೆಳೆದವರು. ಯುರೋಪು-ಆಫ್ರಿಕಾ ವಲಯದ ಬ್ಯಾಂಡ್ ಯೋಜನೆಯೂ 7060ರಿಂದ 7100ರವರೆಗೆ ಎಲ್ಲ ವಿಧಾನಗಳಿಗೂ ತೆರೆದದ್ದು. 7074 ಎಂಬ ಸಂಖ್ಯೆ ಯಾವ ಒಪ್ಪಂದದಲ್ಲೂ ಇಲ್ಲ. ಅದು ಸಾಫ್ಟ್‌ವೇರಿನ ಪಟ್ಟಿಯಲ್ಲಿ ಮೊದಲೇ ತುಂಬಿಟ್ಟ ಸಂಖ್ಯೆ, ಅಷ್ಟೆ.

1956ರ ನವೆಂಬರ್ 1ರಂದು ಮನೆ ಬಿಟ್ಟು ಕದಲದೆಯೇ ಕೇರಳದವರಾದ ಊರಿನವನು ನಾನು. ಹೋಲಿಕೆ ಪೂರ್ತಿ ಸರಿಯಲ್ಲ, ಅದು ಕಾನೂನು, ಇದು ರೂಢಿ. ಆದರೂ ಆ ಹಿರಿಯರನ್ನು 'ಅಡಚಣೆ' ಅಂತ ಕರೆಯುವಾಗ ನನ್ನ ನಾಲಿಗೆ ತಡವರಿಸಿತು.

ಇನ್ನೊಂದು ಮಾತು. ಎಫ್‌ಟಿ8ರಲ್ಲಿ ನಾವೇ ಬರೆಯಬಹುದಾದ ಸಂದೇಶ 13 ಅಕ್ಷರ, ಅದೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು. ಕನ್ನಡದ ಒಂದು ಅಕ್ಷರವೂ ಹೋಗುವುದಿಲ್ಲ, ಅಡಿಕೆಯ ಕಷ್ಟ ಹೇಳಿಕೊಳ್ಳಲಿಕ್ಕೂ ಆಗುವುದಿಲ್ಲ. ಆ ಮೂರು ಕಿಲೋಹರ್ಟ್ಸಿನಲ್ಲಿ ಕನ್ನಡ ಕೇಳಬೇಕಾದರೆ ಯಾರಾದರೂ ಮಾತಾಡಲೇಬೇಕು.

ಹಾಗಂತ ಹಿರಿಯರ ವಾದ ಎಲ್ಲ ಕಡೆ ನಡೆಯುವುದಿಲ್ಲ. ಇಪ್ಪತ್ತು ಮೀಟರಿನ 14070ರ ಆಸುಪಾಸಿನಲ್ಲಿ ಪಿಎಸ್‌ಕೆ31 ತೊಂಬತ್ತರ ದಶಕದ ಕೊನೆಯಿಂದಲೂ ಇದೆ, ಅಲ್ಲಿ ಮಾತು ಹಾಕುವವನು ನಿಜಕ್ಕೂ ಅತಿಕ್ರಮಿ. ಬೇಕೆಂದೇ ಮೈಕ್ ಒತ್ತಿ ಶಿಳ್ಳೆ ಹಾಕುವವರೂ ಇದ್ದಾರೆ, ಅವರ ಪರ ನಾನು ಮಾತಾಡ್ತಾ ಇಲ್ಲ. ಆದರೆ ಮನೆಯಲ್ಲೇ ಕಟ್ಟಿದ ಸಣ್ಣ ಸೆಟ್ಟಿನವರಿಗೆ ಪರದೆಯೇ ಇಲ್ಲ. ಅವರ ಕಿವಿಗೆ ನಮ್ಮ ಎಫ್‌ಟಿ8 ದೂರದ ಕೀಚಲು ಸದ್ದು ಅಷ್ಟೆ.

ಈಗ ಬೆಳಿಗ್ಗೆ ಏಳರಿಂದ ಎಂಟರವರೆಗೆ ನಾನು ನಲವತ್ತು ಮೀಟರಿನಲ್ಲಿ ಎಫ್‌ಟಿ8 ಹಾಕುವುದಿಲ್ಲ. ಹಿರಿಯರು ನೆನಪಿದ್ದ ದಿನ 7080ರ ಮೇಲೆ ಹೋಗ್ತಾರೆ. ಪ್ರಶ್ನೆಗಳಿದ್ದರೆ ಕೇಳಬಹುದು.