ಮುಸೊಲಿನಿಯ ಕಡತಗಳು ಹೇಳುವ ಚರಿತ್ರೆ

ಮುಸೊಲಿನಿ ಯಹೂದ್ಯರ ಮೇಲೆ ತಿರುಗಿಬಿದ್ದದ್ದು ಹಿಟ್ಲರನ ಸಹವಾಸದಿಂದ, ಇಟಲಿಯವರು ಮೂಲತಃ ಕರುಣಾಳುಗಳು ಎಂಬ ವಾದ ಮತ್ತೆ ಮತ್ತೆ ತಲೆಯೆತ್ತುತ್ತದೆ. ಅದು ಇಷ್ಟು ಕಾಲ ಉಳಿದುಬಂದದ್ದರಲ್ಲಿ ಚರಿತ್ರಕಾರರ ಪಾಲೂ ಇದೆ. ಅವರು ಬಹುಕಾಲ ರಾಯಭಾರಿಗಳ ಪತ್ರಗಳಿಗೆ ಕೊಟ್ಟಷ್ಟು ಗಮನವನ್ನು ಸರ್ಕಾರಿ ಕಚೇರಿಗಳ ಕಡತಗಳಿಗೆ ಕೊಡಲಿಲ್ಲ. ಯುದ್ಧ ಮುಗಿದ ಹೊಸತರಲ್ಲಿ ಇದ್ದದ್ದು ಮುಖ್ಯವಾಗಿ ಬದುಕುಳಿದವರ ಬರಹ; ಅದಕ್ಕೂ ಓದುಗರು ಕಡಿಮೆ. ಪ್ರಿಮೊ ಲೆವಿಯ ಆಶ್ವಿಟ್ಜ್ ಕಥನ 1947ರಲ್ಲಿ ಹೊರಬಂದದ್ದು ಒಂದು ಸಣ್ಣ ಪ್ರಕಾಶನದಿಂದ. ಮೊದಲ ದೊಡ್ಡ ಇತಿಹಾಸವನ್ನು ರೆಂಝೊ ಡಿ ಫೆಲಿಚೆ 1961ರಲ್ಲಿ ಬರೆದರು. ಅವರ ದುಡಿಮೆ ದೊಡ್ಡದು. ಆದರೆ ಯಹೂದ್ಯರ ವಿರುದ್ಧ ಇಟಲಿ ತಂದ 1938ರ ಜನಾಂಗ ಕಾನೂನುಗಳನ್ನು ಜರ್ಮನಿಯ ಮೈತ್ರಿಯ ಫಲವೆಂದು ಅವರು ವಿವರಿಸಿದ್ದರಿಂದ ಉಳಿದ ಪ್ರಶ್ನೆಗಳು ದಶಕಗಟ್ಟಲೆ ಹಿಂದೆ ಸರಿದವು.

ಕಾನೂನುಗಳಿಗೆ ಐವತ್ತು ವರ್ಷ ತುಂಬಿದ 1988ರ ಆಸುಪಾಸಿನಲ್ಲಿ ಕ್ಷೇತ್ರದ ದಿಕ್ಕು ಬದಲಾಯಿತು. ಚರಿತ್ರಕಾರ ಮಿಕೆಲೆ ಸರ್ಫಟ್ಟಿ ಕಾನೂನಿನ ಕರಡುಗಳನ್ನೂ ಸುತ್ತೋಲೆಗಳನ್ನೂ ಸಾಲುಸಾಲಾಗಿ ಓದಿದರು. ನನ್ನ ಮಟ್ಟಿಗೆ ಈ ಕ್ಷೇತ್ರ ಪ್ರೌಢವಾದದ್ದು ಅಲ್ಲಿಂದ. 1938ರ ಆಗಸ್ಟ್ 22ರಂದು ಯಹೂದ್ಯರ ಪ್ರತ್ಯೇಕ ಗಣತಿ ನಡೆಯಿತು. ಸೆಪ್ಟೆಂಬರ್ ಮೊದಲ ವಾರದಲ್ಲೇ ಯಹೂದಿ ಮಕ್ಕಳನ್ನೂ ಶಿಕ್ಷಕರನ್ನೂ ಸರ್ಕಾರಿ ಶಾಲೆಗಳಿಂದ ಹೊರಹಾಕುವ ಆಜ್ಞೆ ಬಂತು. ಜರ್ಮನಿ ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರದೂಡಿದ್ದು ಅದೇ ವರ್ಷದ ನವೆಂಬರಿನಲ್ಲಿ. ಹೀಗೆ ಮುಂದೆ ನಡೆದವರನ್ನು ಅನುಕರಿಸಿದವರು ಎನ್ನುವುದು ಹೇಗೆ? ಆಮೇಲೆ ಮದುವೆ, ಜಮೀನು, ಮನೆಗೆಲಸದವರು, ರೇಡಿಯೊ, ಟೆಲಿಫೋನ್ ಡೈರೆಕ್ಟರಿಯಲ್ಲಿನ ಹೆಸರು, ಪತ್ರಿಕೆಯ ಮರಣವಾರ್ತೆ ಹೀಗೆ ಒಂದೊಂದಕ್ಕೂ ನಿರ್ಬಂಧವೋ ನಿಷೇಧವೋ ಬಂತು. ಇವನ್ನು ಬರೆದವರು, ಟೈಪು ಮಾಡಿದವರು, ಸಹಿ ಹಾಕಿದವರು ಇಟಲಿಯ ನೌಕರರೇ.

ಆದರೂ ಇಟಲಿಯ ಬಹುಪಾಲು ಯಹೂದ್ಯರು ಬದುಕುಳಿದರಲ್ಲ, ಇಟಲಿಯ ಸೇನೆ ದಕ್ಷಿಣ ಫ್ರಾನ್ಸಿನಲ್ಲೂ ಕ್ರೊವೇಷಿಯಾದಲ್ಲೂ ಅಲ್ಲಿನ ಯಹೂದ್ಯರನ್ನು ನಾಜಿಗಳಿಗೆ ಒಪ್ಪಿಸಲಿಲ್ಲವಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆಶ್ರಯ ಕೊಟ್ಟ ಮಠಗಳೂ ರೈತರೂ ನಿಜ. ಆದರೆ ಅವರು ಬಚ್ಚಿಟ್ಟದ್ದು ತಮ್ಮದೇ ಪ್ರಭುತ್ವದ ಕಣ್ಣು ತಪ್ಪಿಸಿ. 1943ರ ನವೆಂಬರ್ 30ರಂದು ಯಹೂದ್ಯರನ್ನೆಲ್ಲ ಬಂಧಿಸಿ, ಆಸ್ತಿ ಜಪ್ತಿ ಮಾಡುವಂತೆ ಆಜ್ಞೆ ಹೊರಡಿಸಿದ್ದು ಇಟಲಿಯದೇ ಗೃಹ ಸಚಿವಾಲಯ. ಲೆವಿಯನ್ನು ಹಿಡಿದದ್ದು ಫ್ಯಾಸಿಸ್ಟ್ ಮಿಲಿಶಿಯಾ. ಮನೆ ಹುಡುಕಲು 1938ರಿಂದ ಕಾಪಿಟ್ಟ ಪಟ್ಟಿಗಳು ಕೈಗೆ ಸಿದ್ಧವಾಗಿದ್ದವು. ಇಟಲಿಯಿಂದ ನಾಜಿ ಶಿಬಿರಗಳಿಗೆ ಸಾಗಿಸಲಾದ ಸುಮಾರು 6,800 ಮಂದಿಯನ್ನು ಹೆಸರು ಹಿಡಿದು ಗುರುತಿಸಿದ ಲಿಲಿಯಾನಾ ಪಿಚೊಟ್ಟೊ ಅವರ 1991ರ ಗ್ರಂಥ ಬಂದ ಮೇಲೂ ಕೆಲವರು ಬದುಕುಳಿದವರ ಶೇಕಡಾವಾರು ಮಾತ್ರ ಹೇಳಿ ಸುಮ್ಮನಾಗುತ್ತಾರೆ.

ಈ ಚರಿತ್ರೆಯಲ್ಲಿ ಇನ್ನೂ ತೆಳ್ಳಗಿರುವುದು ವಸಾಹತುಗಳ ಭಾಗ. 1937ರಲ್ಲೇ ಇಥಿಯೋಪಿಯಾದಲ್ಲಿ ಇಟಲಿಯವರು ಕರಿಯರೊಡನೆ ಸಂಸಾರ ಹೂಡುವುದನ್ನು ಅಪರಾಧವೆಂದ ಆಡಳಿತವಿದು. ಲಿಬಿಯಾದ ಯಹೂದ್ಯರ ಮೇಲೆ ಡಿ ಫೆಲಿಚೆ ಅವರೇ 1978ರಲ್ಲಿ ಒಂದು ಪುಸ್ತಕ ಬರೆದರೂ ಅದು ಮುಖ್ಯ ಕಥೆಯೊಳಕ್ಕೆ ಸೇರಲಿಲ್ಲ. ಟ್ರಿಪೋಲಿಯ ದಕ್ಷಿಣಕ್ಕಿದ್ದ ಗಿಯಾಡೊ ಶಿಬಿರಕ್ಕೆ 1942ರಲ್ಲಿ ಯಹೂದಿ ಸಂಸಾರಗಳನ್ನೇ ತಂದು ತುಂಬಿದರು. ಹಸಿವೆಗೂ ಟೈಫಸ್ ಜ್ವರಕ್ಕೂ ಅಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಆ ಶಿಬಿರ ನಡೆಸಿದವರು ಇಟಲಿಯ ಅಧಿಕಾರಿಗಳು.